ಡಬ್ಬದ ಮೇಲೆ ಹಸಿರು ಚುಕ್ಕೆ, ನಮ್ಮ ಬುತ್ತಿ ಮೇಲೆ ಕೆಂಪು ಕಣ್ಣು

ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬೈಯೋದಿದ್ರೆ ಬೈಯಿರಿ.

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೂ ಮುಂಚೆ ಫೋನ್ ಬಂತು. "ಅಣ್ಣಾ, ನಿಮ್ಮ ಅಣ್ಣನ ಮಗ ಗ್ರೌಂಡಲ್ಲಿ ಬಿದ್ದವ್ನೆ, ಬೇಗ ಬನ್ನಿ" ಅಂತ. ಚಪ್ಪಲಿ ಹಾಕ್ಕೊಳ್ಳದೆ ಓಡಿದೆ. ಹುಡುಗ ಬೇವಿನ ಮರದ ಬುಡದಲ್ಲಿ ಒರಗಿ ಕೂತಿದ್ದ. ವಾಂತಿ ಮಾಡ್ಕೊಂಡಿದ್ದ. ಎದೆ ಮೇಲೆ ಕೈ ಇಟ್ಟರೆ ಒಳಗೆ ತಮಟೆ ಬಡಿದ ಹಾಗೆ ಬಡೀತಿತ್ತು.

ಅವನು ಪೊಲೀಸ್ ಕಾನ್‌ಸ್ಟೇಬಲ್ ಆಗೋಕೆ ತಯಾರಿ ಮಾಡ್ತಿದ್ದಾನೆ. 1600 ಮೀಟರ್ ಓಟವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ನಾಲ್ಕು ಸುತ್ತು. ಮೂರನೇ ಸುತ್ತಿಗೆ ಕುಸಿದಿದ್ದಾನೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ: "ಬೆಳಿಗ್ಗೆ ಏನ್ ತಿಂದಿದ್ದೆ?"

"ಏನಿಲ್ಲ ಮೇಡಂ. ಪ್ರೀ ವರ್ಕೌಟ್ ಒಂದು ಸ್ಕೂಪು."

"ಒಂದಾ?"

"ಎರಡು."

ರಕ್ತ ಪರೀಕ್ಷೆ ಮಾಡಿಸಿದ್ರು. ಹಿಮೋಗ್ಲೋಬಿನ್ 10.4. ಗಂಡು ಹುಡುಗನಿಗೆ ಕಡೇಪಕ್ಷ 13 ಇರಬೇಕು. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ರಕ್ತ ಇಲ್ಲ ಇವನಿಗೆ. ಇವನು ಪುಡಿ ತಿಂದು ಓಡ್ತಾ ಇದ್ದಾನೆ" ಅಂದರು. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ನಾನು ಗುಮಾಸ್ತ. ದಿನಾ ಬೇರೆಯವರ ಬಿಲ್ಲು, ವೋಚರು, ಟಿಪ್ಪಣಿ ನೋಡೋದೇ ನನ್ನ ಕೆಲಸ. ಮನೆಗೆ ಬಂದು ಆ ಎರಡು ಡಬ್ಬಗಳನ್ನೂ ಕಡತ ಓದೋ ಹಾಗೆ ಓದಿದೆ. ಪ್ರೀ ವರ್ಕೌಟ್ ಡಬ್ಬದ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದೆ: ಒಂದು ಸ್ಕೂಪಿಗೆ 200 ಮಿಲಿಗ್ರಾಂ ಕೆಫೀನ್. ಎರಡು ಸ್ಕೂಪು ಅಂದ್ರೆ 400. ಆರೋಗ್ಯವಂತ ದೊಡ್ಡವರು ಇಡೀ ದಿನದಲ್ಲಿ ಇದಕ್ಕಿಂತ ಹೆಚ್ಚು ತಗೋಬಾರದು ಅನ್ನೋ ಮಿತಿಯನ್ನು ನಮ್ಮ ಹುಡುಗ ಖಾಲಿ ಹೊಟ್ಟೆಗೆ ಒಂದೇ ಗುಟುಕಿಗೆ ಇಳಿಸಿದ್ದಾನೆ. ನಾಲ್ಕೈದು ಲೋಟ ಗಟ್ಟಿ ಕಾಫಿ ಒಟ್ಟಿಗೆ ಕುಡಿದ ಹಾಗೆ. ಎದೆ ಬಡ್ಕೊಳ್ಳದೆ ಇನ್ನೇನು ಮಾಡುತ್ತೆ?

ಇನ್ನೊಂದು ಡಬ್ಬ ವೇ ಪ್ರೋಟೀನ್. ಒಂದು ಕೆಜಿ, 3,200 ರೂಪಾಯಿ. ಅದನ್ನು ಎಲ್ಲಿಟ್ಟಿದ್ದ ಗೊತ್ತಾ? ಗೋಡೆ ಮೇಲೆ ಬಾಬಾಸಾಹೇಬರ ಫೋಟೋ ಇದೆಯಲ್ಲ, ಅದರ ಕೆಳಗಿನ ಹಲಗೆ ಮೇಲೆ. ನನ್ನ ಅತ್ತಿಗೆ ದಿನಾ ಅದರ ಧೂಳು ಒರೆಸ್ತಾಳೆ. ಆಕೆ ಗುತ್ತಿಗೆ ಪೌರಕಾರ್ಮಿಕೆ. ನಾಲ್ಕೂವರೆಗೆ ಎದ್ದು ಪಟ್ಟಣದ ಬೀದಿ ಗುಡಿಸೋಕೆ ಹೋಗ್ತಾಳೆ. ಅಣ್ಣ ಹೋಗಿ ಒಂಬತ್ತು ವರ್ಷ ಆಯ್ತು. ಡಬ್ಬದ ದುಡ್ಡು ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ, "ಸಂಘದಲ್ಲಿ ಎತ್ತಿದ್ದೆ ಕಣಪ್ಪ, ವಾರದ ಕಂತು" ಅಂದಳು. ಮಗ ಪೊಲೀಸ್ ಆಗ್ತಾನೆ ಅಂತ ಬಡ್ಡಿಗೆ ಸಾಲ ತಂದು ಪುಡಿ ತಿನ್ನಿಸಿದ್ದಾಳೆ ತಾಯಿ.

ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದಳು. "ಆರು ತಿಂಗಳಿಂದ ಮನೇಲಿ ಬಾಡು ಮುಟ್ಟಿಲ್ಲ ಅವ್ನು. ವಾಸ್ನೆ ಬರುತ್ತೆ ಅಂತಾನೆ."

ವಿಷಯ ಇದು. ಈ ಪೋಸ್ಟ್ ಇದರ ಬಗ್ಗೆ.

ಅವನು ಹೋಗೋ ಜಿಮ್ಮಿನಲ್ಲಿ ಒಂದು ದಿನ ಬುತ್ತಿ ಬಿಚ್ಚಿದ್ದಾನೆ. ರಾತ್ರಿ ಉಳಿದ ದನದ ಬಾಡಿನ ಪಲ್ಯ, ಎರಡು ಮೊಟ್ಟೆ. ಹೇಳಿಕೊಡೋನು ಮೂಗು ಮುಚ್ಕೊಂಡು, "ಇದೆಲ್ಲ ಇಲ್ಲಿ ತರಬೇಡಪ್ಪ, ಬೇರೆಯವರೂ ಬರ್ತಾರೆ. ಕ್ಲೀನ್ ಪ್ರೋಟೀನ್ ತಗೋ" ಅಂದಿದ್ದಾನೆ. ಅಂದು ಅದೇ ಕೌಂಟರಿನಿಂದ ಡಬ್ಬ ಎತ್ತಿ ಕೊಟ್ಟಿದ್ದಾನೆ. ಬಿಲ್ಲೂ ಇಲ್ಲ. ಆ ಜಿಮ್ಮಿನ ಗೋಡೆ ಮೇಲೆ ಇರೋದು ಅಮೆರಿಕದ ಬಾಡಿ ಬಿಲ್ಡರುಗಳ ಪಟಗಳು. ಬೀಫ್ ಸ್ಟೀಕ್ ಅನ್ನೋದು ಅವರ ಸಮುದಾಯದ ದಿನನಿತ್ಯದ ಊಟ. ಪಟದೊಳಗಿನ ಬಿಳಿಯ ತಿಂದರೆ ಅದು ಡಯಟ್ಟು. ಪಟದ ಕೆಳಗೆ ನಿಂತ ಹೊಲಗೇರಿ ಹುಡುಗ ತಿಂದರೆ ವಾಸನೆ.

ಕ್ಲೀನ್ ಅಂತೆ. ಈ ಪದ ನಮಗೆ ಹೊಸದಾ ಬಂಧುಗಳೇ? ಮಡಿ ಅನ್ನೋದಕ್ಕೆ ಇಂಗ್ಲಿಷ್ ಪ್ಯಾಂಟು ತೊಡಿಸಿದ್ದಾರೆ, ಅಷ್ಟೇ.

ಈಗ ಆ 'ಕ್ಲೀನ್' ಡಬ್ಬದೊಳಗೆ ಏನಿದೆ ನೋಡೋಣ. ವೇ ಅಂದ್ರೆ ಹಾಲೊಡಕಿನ ನೀರು. ಹಾಲು ಒಡೆಸಿ ಚೀಸ್ ಮಾಡುವಾಗ ಗಟ್ಟಿ ಒಂದು ಕಡೆ, ನೀರು ಇನ್ನೊಂದು ಕಡೆ. ಆ ನೀರನ್ನು ಸೋಸಿ ಒಣಗಿಸಿ ಪುಡಿ ಮಾಡಿದರೆ ಅದೇ ಇದು. ಹಿಂದೆ ವಿದೇಶದ ಚೀಸ್ ಕಾರ್ಖಾನೆಗಳು ಇದನ್ನು ಹಂದಿಗೆ ಹಾಕ್ತಿದ್ವು, ಹೊಳೆಗೆ ಬಿಡ್ತಿದ್ವು. ಹಾಲು ಒಡೆಸೋಕೆ ಸಾಂಪ್ರದಾಯಿಕವಾಗಿ ಬಳಸ್ತಿದ್ದದ್ದು ಎಳೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಈಗ ಬಹುಪಾಲು ಕಡೆ ಸೂಕ್ಷ್ಮಜೀವಿಗಳಿಂದ ಮಾಡಿದ್ದನ್ನು ಬಳಸ್ತಾರೆ, ಸರಿ. ಆದರೂ ಆ ಹಸು ಎಲ್ಲಿಗೆ ಹೋಗುತ್ತೆ? ಹಾಲು ಬತ್ತಿದ ಮೇಲೆ ಆ ದೇಶಗಳಲ್ಲಿ ಅದು ಹೋಗೋದು ಕಸಾಯಿಖಾನೆಗೇ. ಅದೇ ಹಸುವಿನ ಒಡಕು ನೀರು ಡಬ್ಬ ಸೇರಿ ಹಸಿರು ಚುಕ್ಕೆ ಹಾಕ್ಕೊಂಡು ಬಂದರೆ ನಮ್ಮೂರಲ್ಲಿ ಪವಿತ್ರ. ಹಸು ಒಂದೇ. ಅದರ ನೀರು ಅವರಿಗೆ ಕ್ಲೀನು, ಅದರ ಮಾಂಸ ನಮಗೆ ಕೇಸು.

ಕೇಸು ಅಂದೆ, ಸುಮ್ಮನೆ ಹೇಳಿದ್ದಲ್ಲ. 1964ರ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ಅವಕಾಶ ಇತ್ತು. 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೇನೂ ಇಲ್ಲ. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಬಡವರ ತಟ್ಟೆಯಿಂದ ಅತಿ ಅಗ್ಗದ ಪ್ರೋಟೀನನ್ನು ಕಾನೂನು ಮಾಡಿ ಕಿತ್ಕೊಂಡ್ರು. ಅದೇ ಜಾಗಕ್ಕೆ ಈಗ 3,200 ರೂಪಾಯಿಯ ಡಬ್ಬ ಬಂದು ಕೂತಿದೆ.

ಲೆಕ್ಕ ಹಾಕೋಣ. ನಮ್ಮೂರ ಅಂಗಡಿ ದರ, ನಿಮ್ಮೂರಲ್ಲಿ ಐದು ರೂಪಾಯಿ ಆಚೆ ಈಚೆ.

ಡಬ್ಬದಲ್ಲಿ 30 ಸ್ಕೂಪು. ಒಂದಕ್ಕೆ 24 ಗ್ರಾಂ ಪ್ರೋಟೀನ್ ಅಂತ ಬರೆದಿದ್ದಾರೆ. ಬೆಲೆ 107 ರೂಪಾಯಿ.
ಮೊಟ್ಟೆ ಒಂದಕ್ಕೆ 6 ಗ್ರಾಂ. ನಾಲ್ಕು ಮೊಟ್ಟೆಗೆ 24 ಗ್ರಾಂ. 28 ರೂಪಾಯಿ.
ದನದ ಬಾಡು 100 ಗ್ರಾಂಗೆ 20 ಗ್ರಾಂ ಮೇಲೆ. 35 ರೂಪಾಯಿ.
ಹುರುಳಿಕಾಳು 100 ಗ್ರಾಂಗೆ ಸುಮಾರು 22 ಗ್ರಾಂ. ಹತ್ತು ರೂಪಾಯಿ ಒಳಗೆ.
ಕಡ್ಲೆಕಾಯಿ ಬೀಜ 100 ಗ್ರಾಂಗೆ 25 ಗ್ರಾಂ. ಹದಿನೈದು ರೂಪಾಯಿ ಆಸುಪಾಸು.

ಕಾಳಿನ ಪ್ರೋಟೀನ್ ಮೊಟ್ಟೆ, ಬಾಡಿನಷ್ಟು ಪೂರ್ತಿಯಾಗಿ ಮೈಗೆ ಹತ್ತಲ್ಲ, ಒಪ್ತೀನಿ. ಅದಕ್ಕೇ ನಮ್ಮ ಅವ್ವಂದಿರು ಹುರುಳಿ ಸಾರಿಗೆ ಮುದ್ದೆ ಕಟ್ಟಿದ್ದು, ವಾರಕ್ಕೊಂದು ದಿನ ಬಾಡು ಹಾಕಿದ್ದು. ಒಂದರ ಕೊರತೆ ಇನ್ನೊಂದು ತುಂಬುತ್ತೆ. ಅವರಿಗೆ ಡಯಟೀಶಿಯನ್ ಸರ್ಟಿಫಿಕೇಟ್ ಇರಲಿಲ್ಲ, ಅಷ್ಟೇ.

ಸರಿ, ಎಷ್ಟು ಬೇಕು? ಐಸಿಎಂಆರ್ ಪ್ರಕಾರ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ತೂಕದ ಒಂದು ಕೆಜಿಗೆ 0.83 ಗ್ರಾಂ. ನಮ್ಮ ಹುಡುಗ 60 ಕೆಜಿ. ಅಂದ್ರೆ 50 ಗ್ರಾಂ. ಮೈ ಮುರಿದು ಕಸರತ್ತು ಮಾಡೋನಿಗೆ ಇನ್ನಷ್ಟು ಬೇಕು, 75ರಿಂದ 95 ಅಂತ ಇಟ್ಕೊಳ್ಳಿ. ನಾಲ್ಕು ಮೊಟ್ಟೆ, ಒಂದು ಹಿಡಿ ಕಡ್ಲೆಬೀಜ, ಒಂದು ಬಟ್ಟಲು ಹುರುಳಿ ಉಸಲಿ, ಎರಡು ಹೊತ್ತು ಮುದ್ದೆ ಅನ್ನ ಸಾರು, ಒಂದು ಲೋಟ ಹಾಲು, ಇದ್ದ ದಿನ ಬಾಡು. ಮುಗೀತು. ಇದರ ಜೊತೆಗೆ ಬಾಡಿನಲ್ಲಿ, ಲಿವರಿನಲ್ಲಿ, ರಕ್ತದ ಪಲ್ಯದಲ್ಲಿ ಕಬ್ಬಿಣ ಬರುತ್ತೆ. ಸೊಪ್ಪಿನ ಕಬ್ಬಿಣಕ್ಕಿಂತ ಇದು ಮೈಗೆ ಬೇಗ ಹತ್ತುತ್ತೆ. 10.4 ಇದ್ದ ಹುಡುಗನಿಗೆ ಬೇಕಾಗಿದ್ದದ್ದು ಅದು. ಅವನು ಬಿಟ್ಟಿದ್ದೂ ಅದನ್ನೇ.

ಪುಡಿ ವಿಷ ಅಂತ ನಾನು ಹೇಳ್ತಿಲ್ಲ. ವೇ ಅನ್ನೋದು ಹಾಲಿನ ಪದಾರ್ಥ. ಕ್ರಿಯಾಟಿನ್ ಕೆಲಸ ಮಾಡುತ್ತೆ ಅನ್ನೋದಕ್ಕೂ ಒಳ್ಳೆ ಅಧ್ಯಯನಗಳಿವೆ. ಹೊಟ್ಟೆ ತುಂಬ ಊಟ ಇರೋನು, ಪಂದ್ಯಕ್ಕೆ ಹೋಗೋನು, ಗೊತ್ತಿರೋರನ್ನು ಕೇಳಿ ತಗೊಂಡ್ರೆ ನನ್ನ ತಕರಾರಿಲ್ಲ. ಆದರೆ ಹೆಸರೇ ಹೇಳುತ್ತಲ್ಲ, ಸಪ್ಲಿಮೆಂಟ್ ಅಂತ. ಊಟದ ಮೇಲೆ ಹಾಕ್ಕೊಳ್ಳೋ ಉಪ್ಪಿನಕಾಯಿ ಅದು. ಊಟವನ್ನೇ ಕಿತ್ಕೊಂಡು ಉಪ್ಪಿನಕಾಯಿ ಮಾರ್ತಿರೋರ ಮೇಲೆ ನನ್ನ ಸಿಟ್ಟು.

ಅದರ ಮೇಲೆ ಆ ಉಪ್ಪಿನಕಾಯಿಯಾದರೂ ಅಸಲಿಯಾ? 2024ರಲ್ಲಿ ನಮ್ಮ ದೇಶದಲ್ಲಿ ಮಾರಾಟ ಆಗೋ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿದ ಅಧ್ಯಯನವೊಂದು ಪ್ರಕಟವಾಯ್ತು. ಸುಮಾರು ನೂರಕ್ಕೆ 70ರಷ್ಟರಲ್ಲಿ ಡಬ್ಬದ ಮೇಲೆ ಬರೆದ ಪ್ರೋಟೀನಿಗೂ ಒಳಗಿದ್ದದ್ದಕ್ಕೂ ತಾಳೆ ಇರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧ. ಕೆಲವದರಲ್ಲಿ ಬೂಸ್ಟಿನ ವಿಷ. ಅದೇ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಭಾರತೀಯರ ಆಹಾರ ಮಾರ್ಗಸೂಚಿ ಬಿಟ್ಟಿತು. ಮೈಕಟ್ಟು ಬೆಳೆಸೋಕೆ ಪ್ರೋಟೀನ್ ಪುಡಿ ತಗೋಬೇಡಿ ಅಂತ ಅದರಲ್ಲೇ ಸಲಹೆ ಇದೆ. ಆ ಸಲಹೆ ನಮ್ಮೂರ ಯಾವ ಜಿಮ್ಮಿನ ಗೋಡೆ ಮೇಲೂ ಅಂಟಿಲ್ಲ.

ಡಬ್ಬಕ್ಕೇ ನಿಲ್ಲಲ್ಲ ಇದು. ಡಬ್ಬ ಆದ ಮೇಲೆ ಮಾತ್ರೆ, ಮಾತ್ರೆ ಆದ ಮೇಲೆ ಸೂಜಿ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟಾಗ ಬಿಪಿ ಕುಸಿಯದ ಹಾಗೆ ಕೊಡೋ ಮೆಫೆಂಟರ್ಮಿನ್ ಇಂಜೆಕ್ಷನ್ನನ್ನು ಜಿಮ್ಮು ಹುಡುಗರು ದಮ್ಮು ಬರಲಿ ಅಂತ ಚುಚ್ಕೊಳ್ತಿದ್ದಾರೆ. ಸ್ಟೀರಾಯ್ಡು ಕತೆ ಬೇರೆ. ಎದೆ, ಲಿವರು, ವೀರ್ಯ ಎಲ್ಲಕ್ಕೂ ಪೆಟ್ಟು. ನಿಮ್ಮ ಕೇರಿ ಹುಡುಗರ ತೋಳು ಒಮ್ಮೆ ನೋಡಿ. ದಪ್ಪ ಆಗಿದೆಯಾ ಅಂತಲ್ಲ, ಸೂಜಿ ಗುರುತು ಇದೆಯಾ ಅಂತ.

ಇನ್ನು ನಮ್ಮ ದೇಹದ ಇತಿಹಾಸ. ಪಾಲ್ವಂಕರ್ ಬಾಲೂ ಹೆಸರು ಕೇಳಿದ್ದೀರಾ? ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಹುಡುಗ. ಎಡಗೈ ಸ್ಪಿನ್ನರ್. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತ ಮನುಷ್ಯ. ಅದೇ ಬಾಲೂಗೆ ಪುಣೆಯಲ್ಲಿ ಚಹಾ ಕೊಡ್ತಿದ್ದದ್ದು ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯೋ ಮಣ್ಣಿನ ಕುಡಿಕೆಯಲ್ಲಿ. ಊಟ ಬೇರೆ ಟೇಬಲ್ಲು, ಬೇರೆ ತಟ್ಟೆ. ಬಾಲೂ ಎಡಗೈ ಬೇಕಿತ್ತು ಅವರಿಗೆ, ಬಾಲೂ ತಟ್ಟೆ ಬೇಡವಾಗಿತ್ತು. ನೂರು ವರ್ಷ ಮೇಲಾಯ್ತು. ನಮ್ಮ ಹುಡುಗ ಜಿಮ್ಮಿಗೆ ತಿಂಗಳಿಗೆ ಎಂಟುನೂರು ಕಟ್ಟಿದರೆ ಬೇಕು. ಬುತ್ತಿ ಬಿಚ್ಚಿದರೆ ಬೇಡ.

ಇಷ್ಟೆಲ್ಲ ಹುಡುಗನ ಮುಂದೆ ಹೇಳಿದೆ. ಭಾಷಣವನ್ನೇ ಮಾಡಿದೆ ಅನ್ನಿ. ಅವನು ತಲೆ ತಗ್ಗಿಸಿ ಕೇಳಿ, ಎರಡು ಮಾತು ಹೇಳಿದ.

ಮೊದಲನೇದು: "ಬಾಬಾಸಾಹೇಬರೇ ದನದ ಮಾಂಸ ಬಿಡಿ ಅಂದಿದ್ರಲ್ಲ ಚಿಕ್ಕಪ್ಪ?"

ಈ ಮಾತು ನಮ್ಮೋರ ಬಾಯಲ್ಲೇ ತುಂಬ ಓಡಾಡುತ್ತೆ, ಅದಕ್ಕೇ ಇಲ್ಲಿ ಬರೀತಿದ್ದೀನಿ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಬಿಡಿ ಅಂದದ್ದು ಸತ್ತ ದನದ ಮಾಂಸವನ್ನು. ಊರಿನ ಸತ್ತ ದನ ಎಳೆಯೋ ಬಿಟ್ಟಿ ಚಾಕರಿ, ಆ ಚಾಕರಿಗೆ ಕೂಲಿ ಅಂತ ಕೊಟ್ಟ ಕೊಳೆತ ಮಾಂಸ, ಅದರಲ್ಲಿದ್ದ ಅವಮಾನವನ್ನು ಬಿಡಿ ಅಂದರು. 1948ರ ಅವರ ಅಸ್ಪೃಶ್ಯರ ಮೂಲದ ಪುಸ್ತಕ ನೋಡಿ. ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರೋ ನಂಟನ್ನು ಬಿಡಿಸಿ, ಒಂದು ಕಾಲಕ್ಕೆ ಬ್ರಾಹ್ಮಣರೂ ತಿಂತಿದ್ರು ಅಂತ ಪುರಾವೆ ಸಮೇತ ಇಟ್ಟಿದ್ದಾರೆ. ದುಡಿದ ದುಡ್ಡಲ್ಲಿ ಕೊಂಡು, ಮನೇಲಿ ಬೇಯಿಸಿ, ಮಕ್ಕಳಿಗೆ ಬಡಿಸೋ ಬಾಡಿಗೂ ಆ ಕೊಳೆತ ಮಾಂಸಕ್ಕೂ ಸಂಬಂಧ ಕಟ್ಟಬೇಡಿ. ತಿನ್ನದೆ ಇರೋರು ನಮ್ಮಲ್ಲೂ ಇದ್ದಾರೆ. ಅದು ಅವರ ಇಷ್ಟ, ಗೌರವ ಇದೆ. ಇಷ್ಟ ಬೇರೆ, ನಾಚಿಕೆ ಬೇರೆ.

ಎರಡನೇ ಮಾತಿಗೆ ನನ್ನತ್ರ ಉತ್ತರ ಇರಲಿಲ್ಲ.

"ನೀನು ಆಫೀಸಿಗೆ ಏನ್ ತಗೊಂಡೋಗ್ತೀಯ ಚಿಕ್ಕಪ್ಪ? ಭಾನುವಾರ ಬಾಡು ಮಾಡಿದ್ರೂ ಸೋಮವಾರ ನಿನ್ನ ಡಬ್ಬಿಗೆ ಚಿತ್ರಾನ್ನ ತಾನೇ?"

ಹದಿನೆಂಟು ವರ್ಷ ಸರ್ವಿಸ್ ಆಯ್ತು ನನಗೆ. ಹದಿನೆಂಟು ವರ್ಷ ಸೋಮವಾರ ಚಿತ್ರಾನ್ನ. ಮೈಕ್ ಸಿಕ್ಕಿದರೆ ಆಹಾರದ ಹಕ್ಕಿನ ಬಗ್ಗೆ ಒಂದು ಗಂಟೆ ಮಾತಾಡ್ತೀನಿ. 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮದಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಜೊತೆ ಸೇರಿಸಿ ನಿಷೇಧ ಅಂತ ಬರೆದಾಗ ಇದೇ ಗೋಡೆ ಮೇಲೆ ಉರಿದುಬಿದ್ದು ಪೋಸ್ಟ್ ಹಾಕಿದ್ದೆ. ನೀವೆಲ್ಲ ಶೇರ್ ಮಾಡಿದ್ರಿ. ಆದರೆ ಮಧ್ಯಾಹ್ನ ಒಂದೂವರೆಗೆ ಆಫೀಸಿನ ಟೇಬಲ್ ಮೇಲೆ ಆ ಹೋರಾಟ ಎಲ್ಲಿಗೆ ಹೋಗ್ತಿತ್ತು? ಹುಡುಗ ನಾಚಿಕೆ ಕಲಿತಿದ್ದು ಜಿಮ್ಮಿನಲ್ಲಿ ಮಾತ್ರ ಅಲ್ಲ. ನನ್ನ ಟಿಫನ್ ಡಬ್ಬಿ ನೋಡಿ ಕಲಿತಿದ್ದಾನೆ.

ಹೋದ ಸೋಮವಾರ ಬಾಡು ಮುದ್ದೆ ತಗೊಂಡು ಹೋದೆ. ಯಾವಾಗಲೂ ಕೂರೋ ಟೇಬಲ್ಲಲ್ಲೇ ಬಿಚ್ಚಿದೆ. ಒಬ್ಬರು ಫೋನ್ ಬಂತು ಅಂತ ಎದ್ದು ಹೋದರು, ವಾಪಸ್ ಬರಲಿಲ್ಲ. ಇನ್ನಿಬ್ಬರು ಮಾತು ನಿಲ್ಲಿಸಿ ಬೇಗ ಬೇಗ ತಿಂದು ಹೋದರು. ಗಂಟಲಲ್ಲಿ ತುತ್ತು ಇಳಿಯಲಿಲ್ಲ, ಸುಳ್ಳು ಹೇಳಲ್ಲ. ಆದರೂ ಪೂರ್ತಿ ತಿಂದೆ. ಇಪ್ಪತ್ತೆರಡು ವರ್ಷದ ಹುಡುಗ ಮೈ ಬಗ್ಗಿಸಿ ಬೆವರು ಸುರಿಸೋ ಜಾಗದಲ್ಲಿ ಈ ನೋಟ ಎದುರಿಸಬೇಕು ಅಂದ್ರೆ ಡಬ್ಬ ಯಾಕೆ ಕೊಳ್ಳಲ್ಲ? ಕೊಳ್ತಾನೆ. 3,200 ಕೊಟ್ಟು ಅವನು ಕೊಂಡಿದ್ದು ಪ್ರೋಟೀನಿಗಿಂತ ಹೆಚ್ಚಾಗಿ ಆ ಹಸಿರು ಚುಕ್ಕೆಯನ್ನು. ಅವರ ಸಾಲಿನಲ್ಲಿ ನಿಲ್ಲೋಕೆ ಟಿಕೆಟ್ಟು ಅದು.

ಅದಕ್ಕೇ ಈ ಹುಡುಗರಿಗೆ ಬೈಯಬೇಡಿ. ಬೈಯೋದಿದ್ರೆ ಕೆಲಸ ಮಾಡಿ ಬೈಯೋಣ. ನನ್ನ ಲೆಕ್ಕದಲ್ಲಿ ಕೆಲಸ ಇವು:

ಒಂದು. ನಮ್ಮ ಹಾಸ್ಟೆಲುಗಳ ತಟ್ಟೆ. ನಿಮ್ಮ ತಾಲ್ಲೂಕಿನ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹಾಸ್ಟೆಲಿಗೆ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ಮೆನು ಬೋರ್ಡಿನಲ್ಲಿ ಏನಿದೆ, ತಟ್ಟೆಯಲ್ಲಿ ಏನಿದೆ, ಸಾರಿನಲ್ಲಿ ಬೇಳೆ ಎಷ್ಟಿದೆ, ಬರೆದುಕೊಳ್ಳಿ. ಅರ್ಜಿ ಹಾಕಿ. ದಿನಕ್ಕೊಂದು ಮೊಟ್ಟೆ, ವಾರಕ್ಕೆರಡು ದಿನ ಮಾಂಸ ಅನ್ನೋದು ನಮ್ಮ ಬೇಡಿಕೆಯಾಗಲಿ. ದೈಹಿಕ ಪರೀಕ್ಷೆಗೆ ತಯಾರಾಗೋ ಮಕ್ಕಳಿಗೆ ಹೆಚ್ಚುವರಿ ಊಟ ಕೇಳೋಣ.

ಎರಡು. ಶಾಲೆ ಮೊಟ್ಟೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಯಾರ್‍ಯಾರು ಬೀದಿಗೆ ಬಂದು ವಿರೋಧಿಸಿದ್ರು ನೆನಪಿದೆಯಲ್ಲ? ಗಂಗಾವತಿಯ ಒಂದು ಪುಟ್ಟ ಶಾಲಾ ಹುಡುಗಿ ಅವರಿಗೆ ಉತ್ತರ ಕೊಟ್ಟಳು. ನಾವು ದೊಡ್ಡವರು ಆಮೇಲೆ ಎದ್ದೆವು. 2024ರಲ್ಲಿ ಅದು ವಾರಕ್ಕೆ ಆರು ದಿನ ಆಯ್ತು, ಅದರಲ್ಲಿ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡಲ್ಲಿ. ದಾನ ಮುಗಿದ ದಿನ ಮೊಟ್ಟೆ ನಿಲ್ಲಬಾರದು. ಅದು ಸರ್ಕಾರದ ಬಜೆಟ್ಟಿನಲ್ಲಿ ಬರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಐದು ವರ್ಷದೊಳಗೆ ಕಳೆದುಹೋದ ಎತ್ತರವನ್ನು ಇಪ್ಪತ್ತೆರಡಕ್ಕೆ ಯಾವ ಡಬ್ಬವೂ ತಂದುಕೊಡಲ್ಲ. ಪೊಲೀಸ್ ನೇಮಕಾತಿಯಲ್ಲಿ ಟೇಪು ಹಿಡಿಯೋನು ಆ ಕಾರಣ ಕೇಳೋದೂ ಇಲ್ಲ.

ಮೂರು. 2020ರ ಕಾನೂನು ರದ್ದಾಗಬೇಕು. ಓಟು ಕೇಳೋಕೆ ಬಂದಾಗ ಎಲ್ಲರೂ ತಲೆ ಆಡಿಸಿದ್ರು. ಗೆದ್ದ ಮೇಲೆ ಆ ಕಡತ ಎಲ್ಲಿದೆ ಅಂತ ಗುಮಾಸ್ತನಾಗಿ ಕೇಳ್ತಿದ್ದೀನಿ.

ನಾಲ್ಕು. ಡಬ್ಬ ಕೊಳ್ಳೋ ಹುಡುಗರೇ, ನಿಮಗೆ. ಬಿಲ್ಲು ಕೇಳಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ತಯಾರಿಕೆ ದಿನ, ಸೀಲು ನೋಡಿ. ಬಿಡಿ ಪುಡಿ, ಕವರಿನ ಪುಡಿ ಮುಟ್ಟಬೇಡಿ. ಅನುಮಾನ ಬಂದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ, ಅರ್ಜಿ ನಾನು ಬರೆದುಕೊಡ್ತೀನಿ. ಸೂಜಿ ಅಂದವನ ಜಿಮ್ಮಿನಿಂದ ಅವತ್ತೇ ಹೊರಗೆ ಬನ್ನಿ. ಎಲ್ಲಕ್ಕಿಂತ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಸ್ಕೊಳ್ಳಿ.

ಐದು. ನಮ್ಮ ಸಂಘಟನೆಗಳಿಗೆ. ಏಪ್ರಿಲ್ 14ರ ಕಬಡ್ಡಿ ಪಂದ್ಯಕ್ಕೆ ಜಿಮ್ಮಿನವರ ಸ್ಪಾನ್ಸರ್ ಬ್ಯಾನರ್ ಕಟ್ಟಿ, ಗೆದ್ದವರಿಗೆ ಪ್ರೋಟೀನ್ ಡಬ್ಬ ಕೊಡೋದು ನಿಲ್ಲಿಸಿ. ನಾನೂ ಹೋದ ವರ್ಷ ಆ ವೇದಿಕೆ ಮೇಲೆ ನಿಂತು ಡಬ್ಬ ಕೊಟ್ಟಿದ್ದೆ, ತಪ್ಪು ಒಪ್ಕೊಳ್ತೀನಿ. ಈ ಸಲ ನಮ್ಮೂರಲ್ಲಿ ಒಂದು ಜೊತೆ ಓಟದ ಶೂ, ಹತ್ತು ಟ್ರೇ ಮೊಟ್ಟೆ, ಒಂದು ಚೀಲ ಕಡ್ಲೆಬೀಜ ಕೊಡೋದು ಅಂತ ತೀರ್ಮಾನ ಆಗಿದೆ. ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಬಾಡೂಟ. ಪರದೆ ಕಟ್ಟಿ ಅಲ್ಲ, ಬಯಲಲ್ಲೇ.

ಹುಡುಗ ಈಗ ಕಬ್ಬಿಣದ ಮಾತ್ರೆ ತಗೋತಿದ್ದಾನೆ. ಓಟ ನಿಲ್ಲಿಸಿಲ್ಲ, ಡಾಕ್ಟರಮ್ಮ ಹೇಳಿದ ಹಾಗೆ ನಿಧಾನಕ್ಕೆ ಓಡ್ತಾನೆ. ಜಿಮ್ಮಿಗೆ ಬುತ್ತಿ ತಗೊಂಡು ಹೋಗ್ತಾನಾ ಅಂತ ನಾನು ಕೇಳಿಲ್ಲ. ಕೇಳೋ ಯೋಗ್ಯತೆ ಬರೋಕೆ ನನಗೆ ಇನ್ನೂ ಸ್ವಲ್ಪ ಸೋಮವಾರಗಳು ಬೇಕು. ಅತ್ತಿಗೆಯ ಸಂಘದ ಸಾಲದಲ್ಲಿ ಇನ್ನೂ ಹನ್ನೊಂದು ಕಂತು ಬಾಕಿ ಇದೆ. ಡಬ್ಬ ಖಾಲಿಯಾಗಿದೆ. ತೊಳೆದು ಅದರಲ್ಲಿ ಹುರುಳಿಕಾಳು ತುಂಬಿಟ್ಟಿದ್ದಾಳೆ.

ನಿಮ್ಮ ಕೇರಿಯ ಕತೆ ಏನು? ಕಾಮೆಂಟಿನಲ್ಲಿ ಬರೀರಿ. ಜಿಮ್ಮಿಗೆ ಹೋಗೋ ನಮ್ಮ ಹುಡುಗರಿಗೆ ಇದನ್ನು ಓದಿಸಿ.

ಜೈಭೀಮ್.